ಗಂಜಿಯ ನೆನಪೂ ಸಾಹಿತ್ಯದ ಔಚಿತ್ಯವೂ

ರಸವೆಂಬ ಮಾತನ್ನು ನಮ್ಮ ಪೂರ್ವಿಕರು ಅಡಿಗೆಯ ಮನೆಯಿಂದಲೇ ಎರವು ತಂದರೆಂಬುದನ್ನು ಕಾವ್ಯಮೀಮಾಂಸೆಯನ್ನು ಅಷ್ಟಿಷ್ಟು ಓದಿದವರೂ ಬಲ್ಲರು. ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಭರತಮುನಿಯು ರಸದ ಸ್ವರೂಪವನ್ನು ವಿವರಿಸಹೊರಟಾಗ ದೂರದ ದೃಷ್ಟಾಂತವನ್ನೇನೂ ಅರಸಲಿಲ್ಲ. ನಾನಾ ವ್ಯಂಜನಗಳಿಂದ ಸಂಸ್ಕಾರಗೊಂಡ ಅನ್ನವನ್ನು ಉಣ್ಣುವ ಸಹೃದಯನನ್ನೇ ತಂದು ನಮ್ಮ ಮುಂದೆ ಎಲೆಯ ಬಳಿ ಕುಳ್ಳಿರಿಸಿದನು. ದೃಷ್ಟಾಂತವು ಸೊಗಸಾದದ್ದು, ಅದರಲ್ಲಿ ಸಂದೇಹವಿಲ್ಲ. ಆದರೆ ಉಣ್ಣುವವನ ವಿಚಾರವನ್ನು ಇಷ್ಟು ಸೂಕ್ಷ್ಮವಾಗಿ ಮಾಡಿದ ಆ ಪರಂಪರೆಯು ಬಡಿಸಿದವರ ವಿಚಾರವನ್ನು ಎತ್ತಲೇ ಇಲ್ಲವೆಂಬುದು ಈಚೆಗೆ ನನ್ನನ್ನು ಕಾಡುತ್ತಿರುವ ಒಂದು ಚಿಂತೆ. ಅದಕ್ಕೆ ಕಾರಣವಾದ ಪ್ರಸಂಗವನ್ನು ಮುಂದೆ ಹೇಳುವೆನು.

ಕನ್ನಡದಲ್ಲಿ ಪಾಕವಿಚಾರಕ್ಕೆ ಬಡತನವಿಲ್ಲ. 1025ರಲ್ಲಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿಯೇ ಅಡಿಗೆಯ ಪ್ರಕರಣವೊಂದಿದೆ. ಹದಿನಾರನೆಯ ಶತಮಾನದ ಆದಿಯಲ್ಲಿದ್ದ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವನ್ನು ವಾರ್ಧಕ ಷಟ್ಪದಿಯಲ್ಲಿಯೇ ಹಾಡಿದನು. ಅಡಿಗೆಯ ಪುಸ್ತಕವನ್ನು ಛಂದಸ್ಸಿನಲ್ಲಿ ಬರೆಯುವಷ್ಟು ಧೈರ್ಯವೂ ವಿರಾಮವೂ ಆ ಕಾಲಕ್ಕಿದ್ದುವು. ಆದರೂ ಈ ಗ್ರಂಥಗಳ ಪಾಕಶಾಲೆಯು ಶ್ರೀಮಂತರದು. ತುಪ್ಪ, ಸಕ್ಕರೆ, ಪರಿಮಳದ್ರವ್ಯಗಳು ಅಲ್ಲಿ ಧಾರಾಳ. ಹಸಿದವನು ಮನೆಗೆ ಬಂದು ಉಪ್ಪು ಹಾಕಿ ಕುಡಿಯುವ ಗಂಜಿಯ ತಿಳಿಗೆ ಷಟ್ಪದಿ ಬೇಕಾಗಿರಲಿಲ್ಲ. ಕನಕದಾಸರೊಬ್ಬರು ‘ರಾಮಧಾನ್ಯಚರಿತೆ’ಯಲ್ಲಿ ರಾಗಿಗೂ ಅಕ್ಕಿಗೂ ವ್ಯಾಜ್ಯ ಹೂಡಿಸಿ, ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸಿ, ಕೆಡದೆ ಉಳಿದ ರಾಗಿಗೆ ಶ್ರೀರಾಮನಿಂದಲೇ ಮನ್ನಣೆ ಕೊಡಿಸಿದರು. ಬಡವರ ಧಾನ್ಯಕ್ಕೆ ಕನ್ನಡದ ಸಭೆಯಲ್ಲಿ ದೊರೆತ ಪೀಠವದು. ಅಲ್ಲಿಯೂ ಧಾನ್ಯಗಳು ಮಾತನಾಡಿದುವೇ ಹೊರತು ಬೀಸಿದವಳು ಮಾತನಾಡಲಿಲ್ಲವೆಂದರೆ ಅದು ತಕರಾರಿಗಾಗಿ ಹೇಳಿದ ಮಾತಾದೀತು. ಕಾವ್ಯದ ಉದ್ದೇಶವೇ ಬೇರೆ.

ಇಂದಿನ ಸ್ಥಿತಿಯು ಅದಕ್ಕೆ ವಿರುದ್ಧವಾಗಿದೆ. ಗಂಜಿಯೂ ತಂಬುಳಿಯೂ ಹಲಸಿನ ಹಪ್ಪಳವೂ ಮೆಲ್ಲಮೆಲ್ಲನೆ ಗದ್ಯದೊಳಕ್ಕೆ ಬಂದು, ಈಗ ಬಾಗಿಲಲ್ಲಿ ನೂಕುನುಗ್ಗಲಾಗಿದೆ. ವಿಶೇಷಾಂಕವನ್ನು ತೆರೆದರೆ ಅಜ್ಜಿಯ ಕೈರುಚಿ, ಸ್ಮರಣಸಂಚಿಕೆಯನ್ನು ತೆರೆದರೆ ಅಮ್ಮನ ಚಟ್ನಿ. ಇವುಗಳಿಗೆಲ್ಲ ಒಂದು ಅಚ್ಚು ಇದೆ. ಪಟ್ಟಣದಲ್ಲಿರುವ ಲೇಖಕನಿಗೆ ಮಳೆ ಬರುವುದನ್ನು ಕಂಡಾಗ ಬಾಲ್ಯವು ನೆನಪಾಗುತ್ತದೆ. ಹೊಗೆಯಿಂದ ಕಪ್ಪಾದ ಅಡಿಗೆಮನೆ, ಅದರಲ್ಲಿ ಎಂದೆಂದಿಗೂ ನಗುತ್ತಿರುವ ಒಬ್ಬ ಅಜ್ಜಿ, ಅವಳ ಕೈಯಲ್ಲಿ ಸೌಟು. ಈಗಿನ ಮಕ್ಕಳಿಗೆ ಈ ಭಾಗ್ಯವಿಲ್ಲವೆಂಬ ನಿಟ್ಟುಸಿರು. ಆ ಹೊಗೆಯು ಅಜ್ಜಿಯ ಕಣ್ಣಿಗೇನು ಮಾಡಿತೆಂಬುದನ್ನು ನಾನು ಓದಿದ ಯಾವ ಪ್ರಬಂಧವೂ ವಿಚಾರಿಸಿಲ್ಲ.

ಇದು ನಮ್ಮಲ್ಲಿ ಮಾತ್ರ ಇರುವ ದೋಷವೆಂದು ತಿಳಿಯಬಾರದು. ಫ್ರಾನ್ಸಿನ ಮಾರ್ಸೆಲ್ ಪ್ರೂಸ್ತ್ ಎಂಬವನು 1913ರಲ್ಲಿ ಪ್ರಕಟಿಸಿದ ತನ್ನ ಮಹಾಕಾದಂಬರಿಯ ಮೊದಲ ಸಂಪುಟದಲ್ಲಿ, ಚಹದಲ್ಲಿ ಅದ್ದಿದ ಸಣ್ಣದೊಂದು ತಿಂಡಿಯ ರುಚಿಯಿಂದ ತನ್ನ ಬಾಲ್ಯದ ಊರನ್ನೆಲ್ಲ ಮೇಲಕ್ಕೆತ್ತಿದ ಪ್ರಸಂಗವು ಲೋಕಪ್ರಸಿದ್ಧವಾಗಿದೆ. ಅವನಿಗೂ ಆ ತಿಂಡಿಯನ್ನು ಅದ್ದಿಕೊಟ್ಟ ಲಿಯೋನಿ ಅತ್ತೆಯ ನೆನಪು ಬಂದಿತು. ಆದರೆ ಪ್ರೂಸ್ತನು ಅಲ್ಲಿಗೆ ನಿಲ್ಲಲಿಲ್ಲ. ಮನೆಯ ಅಡಿಗೆಯವಳಾದ ಫ್ರಾಂಸ್ವಾಸಳ ಪ್ರತಿಭೆಯನ್ನೂ ಆಕೆಯ ಕ್ರೌರ್ಯವನ್ನೂ ಒಟ್ಟಿಗೆ ಬರೆದನು. ನಮ್ಮವರು ಅವನಿಂದ ಚಹದ ಬಟ್ಟಲನ್ನು ಮಾತ್ರ ತೆಗೆದುಕೊಂಡರು.

ನಮ್ಮ ಐವರ್ನಾಡು ಬೆಳ್ಳಾರೆಗೂ ಸುಳ್ಯಕ್ಕೂ ನಡುವಣ ಊರು. ಇಲ್ಲಿಯವರಿಗೆ ಆಟಿಯೆಂದರೇನೆಂದು ವಿವರಿಸಬೇಕಾಗಿಲ್ಲ. ಹೊರಗಿನ ವಾಚಕರಿಗಾಗಿ ಒಂದೆರಡು ಮಾತು. ಜುಲೈ ತಿಂಗಳ ನಡುವಿನಿಂದ ಅಗೋಸ್ತಿನ ನಡುವಿನ ತನಕ ಇರುವ ಈ ತುಳು ತಿಂಗಳು, ನೇಜಿ ಮುಗಿದು ಪೈರು ತೆನೆಗೆ ಬರುವ ಮುನ್ನ, ಪತ್ತಾಯವು ಬರಿದಾಗಿ ಮಳೆಯು ಮಾತ್ರ ತುಂಬಿರುವ ಕಾಲ. ಕೆಲಸವಿಲ್ಲ, ಕೆಲಸವಿಲ್ಲದುದರಿಂದ ಕೂಲಿಯೂ ಇಲ್ಲ. ಆಗ ಮನುಷ್ಯನು ಬಿತ್ತದೆ ಬೆಳೆದುದನ್ನು ತಿನ್ನುತ್ತಾನೆ: ಹಿತ್ತಿಲ ಕೆಸು, ದಾರಿಬದಿಯ ತಗತೆ ಸೊಪ್ಪು, ಬಿದಿರ ಮೆಳೆಯ ಕಣಿಲೆ, ತೋಟದ ಕಣಿಯ ಬದಿಯ ಒಂದೆಲಗ. ಬೇಸಗೆಯಲ್ಲಿ ಉಪ್ಪಿಗೆ ಹಾಕಿದ ಹಲಸಿನ ಸೊಳೆ ಭರಣಿಯಿಂದ ಹೊರಬರುವುದೂ ಆಗಲೇ. ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮುನ್ನ ಹಾಲೆಯ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತಂದು, ರಸ ತೆಗೆದು, ಬರಿಹೊಟ್ಟೆಯಲ್ಲಿ ಕುಡಿದು, ಅದರ ಕಹಿಯನ್ನೂ ಉಷ್ಣವನ್ನೂ ತಣಿಸಲು ಮೆಂತೆಯ ಗಂಜಿಯನ್ನು ಉಣ್ಣುವ ಪದ್ಧತಿಯು ಈಗಲೂ ಹೆಚ್ಚಿನ ಮನೆಗಳಲ್ಲಿ ನಡೆದುಬಂದಿದೆ.

ಈ ಆಟಿಯು ಈಗ ಉತ್ಸವವಾಗಿದೆ. ಸಭಾಭವನದಲ್ಲಿ ವೇದಿಕೆ, ದೀಪ, ಅತಿಥಿಗಳು. ಬಳಿಕ ಪತ್ರೊಡೆಯಿಂದ ಮೊದಲಾಗಿ ಹತ್ತಿಪ್ಪತ್ತು ಬಗೆಯ ಭೋಜನ. ನಾನೂ ಹೋಗಿದ್ದೇನೆ, ಎರಡನೆಯ ಸಲ ಕೇಳಿ ಬಡಿಸಿಕೊಂಡಿದ್ದೇನೆ. ಹೋಗಬಾರದೆಂದಾಗಲಿ, ಉಣ್ಣಬಾರದೆಂದಾಗಲಿ ನನ್ನ ವಾದವಲ್ಲ. ಸೊಪ್ಪುಗಳ ಹೆಸರನ್ನು ಮಕ್ಕಳು ಕಲಿಯುವುದು ಒಳ್ಳೆಯದೇ. ಆದರೆ ಒಂದು ದಿನ ಒಂದೆಲೆಯಲ್ಲಿ ಇಪ್ಪತ್ತು ಬಗೆಯಾಗಿ ಬಂದುದು, ಹಿಂದೆ ಇಪ್ಪತ್ತು ದಿನ ಒಂದೊಂದೇ ಬಗೆಯಾಗಿ, ಅದೂ ಬೇರೇನೂ ಇಲ್ಲದ ಕಾರಣ ಬಂದುದು ಎಂಬ ಲೆಕ್ಕವನ್ನು ಭಾಷಣಗಾರರು ಹೇಳುವುದಿಲ್ಲ. ಹಸಿವಿನ ಊಟವು ಹಬ್ಬದ ಊಟವಾಗುವುದು ಸಂತೋಷದ ವಿಷಯ. ಹಸಿವೇ ಹಬ್ಬವಾಗಿತ್ತೆಂದು ಬರೆಯುವುದು ಸುಳ್ಳು. ಸಾಹಿತ್ಯವು ಈ ಎರಡರ ನಡುವಣ ಗೆರೆಯನ್ನು ಕಾಯದೆ ಹೋದರೆ ಮತ್ತಾರು ಕಾಯುವರು?

ಹೀಗೆ ಇತರರನ್ನು ಆಕ್ಷೇಪಿಸುವ ಅಧಿಕಾರವು ನನಗೆ ಬಂದುದು ನನ್ನ ತಪ್ಪಿನಿಂದಲೇ. ಕೆಲವು ವರ್ಷಗಳ ಹಿಂದೆ ನಾನೂ ಇಂಥ ಒಂದು ಪ್ರಬಂಧವನ್ನು ಬರೆದೆನು. 1966ರ ಆಟಿಯ ಒಂದು ಮಧ್ಯಾಹ್ನ. ನನಗಾಗ ಎಂಟು ವರ್ಷ. ಹೊರಗೆ ಧಾರಾಕಾರವಾದ ಮಳೆ. ಒಳಗೆ ಕುಚ್ಚಲಕ್ಕಿಯ ಗಂಜಿ, ಒಂದೆಲಗದ ತಂಬುಳಿ, ಕೆಂಡದಲ್ಲಿ ಸುಟ್ಟ ಹಲಸಿನ ಹಪ್ಪಳ. ಎಳೆಯ ಎಲೆಯನ್ನು ಜೀರಿಗೆ, ಒಳ್ಳೆಮೆಣಸುಗಳೊಡನೆ ತುಪ್ಪದಲ್ಲಿ ಬಾಡಿಸಿ, ತೆಂಗಿನತುರಿಯೊಡನೆ ಕಡೆದು, ಮಜ್ಜಿಗೆಯಲ್ಲಿ ಕದಡಿದ ಆ ತಂಬುಳಿಯ ತಂಪನ್ನು ನಾನು ಮೂರು ಪುಟಗಳ ಪರ್ಯಂತ ವರ್ಣಿಸಿದೆನು. ತಾಯಿಯವರು ನಗುನಗುತ್ತ ಬಡಿಸಿದರೆಂದೂ, ಇಡೀ ಒಂದು ತೆಂಗಿನಕಾಯಿಯನ್ನು ಧಾರಾಳವಾಗಿ ಹಾಕಿದ್ದರೆಂದೂ, ಅಂತಹ ಸಮೃದ್ಧಿಯು ಇಂದು ಕನಸೆಂದೂ ಬರೆದೆನು. ಪ್ರಬಂಧವು ಓದುಗರಿಗೆ ಹಿಡಿಸಿತು. ಒಬ್ಬರು ಕಣ್ಣೀರು ಬಂದಿತೆಂದು ಬರೆದರು.

ನನ್ನ ಅಕ್ಕನು ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಅವಳು ಅದನ್ನು ಕನ್ನಡಕ ಹಾಕಿಕೊಂಡು ಆದಿಯಿಂದ ಅಂತ್ಯದ ವರೆಗೆ ಓದಿ, ಮಡಿಚಿ ಪಕ್ಕಕ್ಕಿಟ್ಟು, ನಮ್ಮ ಮನೆಮಾತಿನಲ್ಲಿ ಇಷ್ಟೇ ಹೇಳಿದಳು: “ತಮ್ಮಾ, ನಿನಗೆ ರುಚಿ ನೆಂಪಿದ್ದು; ಎನಗೆ ಕಡವ ಕಲ್ಲು ನೆಂಪಿದ್ದು.” ಸ್ವಲ್ಪ ಹೊತ್ತಿನ ಮೇಲೆ ಮತ್ತೊಂದು ಮಾತು: “ಅಬ್ಬೆ ಆ ದಿನ ಉಂಡಿದಿಲ್ಲೆ.”

ವಿಷಯವೇನೆಂದರೆ, 1965ರಲ್ಲಿಯೂ 1966ರಲ್ಲಿಯೂ ದೇಶಕ್ಕೆ ಬರಗಾಲ ಬಂದಿದ್ದಿತು. ಅಮೇರಿಕದಿಂದ ಹಡಗಿನಲ್ಲಿ ಬಂದ ಗೋಧಿಯನ್ನು ನೆಚ್ಚಿ ರಾಜ್ಯಗಳು ದಿನ ನೂಕುತ್ತಿದ್ದ ಕಾಲವದು. ನಮ್ಮ ಮನೆಯಲ್ಲಿ ಅಕ್ಕಿಯು ಅಳೆದು ತೆಗೆಯುವಂತಾಗಿದ್ದಿತು. ಬೇಳೆಯಿರಲಿಲ್ಲ, ಬೇಳೆಯಿಲ್ಲದ ಕಾರಣ ಸಾರಿಲ್ಲ, ಸಾರಿಲ್ಲದ ಕಾರಣ, ದುಡ್ಡಿಲ್ಲದೆ ಕಣಿಯ ಬದಿಯಲ್ಲಿ ದೊರೆಯುವ ಒಂದೆಲಗವನ್ನು ಹನ್ನೆರಡು ವರ್ಷದ ಹುಡುಗಿಯೊಬ್ಬಳು ಮಳೆಯಲ್ಲಿ ನೆನೆದು ಕೊಯ್ದು ತಂದಳು. ಕಡೆದವಳೂ ಅವಳೇ. ಅನಿರೀಕ್ಷಿತವಾಗಿ ಇಬ್ಬರು ನೆಂಟರು ಬಂದುದರಿಂದ ಗಂಜಿಗೆ ನೀರು ಹೆಚ್ಚಾಯಿತು. ಅಗುಳು ನಮ್ಮ ಬಟ್ಟಲಿಗೆ, ತಿಳಿ ತಾಯಿಗೆ. ನನ್ನ ಪ್ರಬಂಧದಲ್ಲಿ ಈ ಒಂದೂ ಇರಲಿಲ್ಲ. ಇರಲಿಲ್ಲವೆನ್ನುವುದಕ್ಕಿಂತ, ಇವುಗಳನ್ನು ನಾನು ಅರಿಯದಿರಲೆಂದೇ ಆ ಇಬ್ಬರು ಆ ದಿನ ಶ್ರಮಪಟ್ಟಿದ್ದರು. ಅವರ ಶ್ರಮವು ಸಫಲವಾಯಿತೆಂಬುದಕ್ಕೆ ನನ್ನ ಪ್ರಬಂಧವೇ ಸಾಕ್ಷಿ. ಮಗುವಿನ ನೆನಪಿನಲ್ಲಿ ಗಂಜಿಯು ಸಮೃದ್ಧಿಯಾಗಿ ಉಳಿದುದು ತಾಯಿಯ ಕೈಗುಣ. ಅರುವತ್ತು ದಾಟಿದ ಲೇಖಕನ ಗದ್ಯದಲ್ಲಿಯೂ ಅದು ಹಾಗೆಯೇ ಉಳಿದುದು ಲೇಖಕನ ದೋಷ.

ಅಕ್ಕನ ಮಾತು ಕೇಳಿದ ಮೇಲೆ ನಾನು ಮತ್ತೆ ಕೈಗೆತ್ತಿಕೊಂಡ ಪುಸ್ತಕ ಶಿವರಾಮ ಕಾರಂತರ ‘ಬೆಟ್ಟದ ಜೀವ’. 1943ರಲ್ಲಿ ಪ್ರಕಟವಾದ ಈ ಕಾದಂಬರಿಯನ್ನು ಪುತ್ತೂರು, ಸುಳ್ಯದ ಕಡೆಯವರು ತಮ್ಮ ಮನೆಯ ಆಸ್ತಿಯೆಂಬಂತೆ ಓದುವುದುಂಟು. ಕುಮಾರಪರ್ವತದ ತಪ್ಪಲಿನ ಕಾಡು, ಅಡಕೆಯ ತೋಟ, ಆನೆ, ಹುಲಿ ಎಲ್ಲವೂ ನಮ್ಮವೇ ಎಂಬ ಅಭಿಮಾನದಿಂದ. ಈ ಅಭಿಮಾನವು ಓದಿಗೆ ಕೆಲವೊಮ್ಮೆ ತೊಡಕೂ ಆಗುತ್ತದೆ. ನಿಸರ್ಗದ ವರ್ಣನೆಗಾಗಿ, ಗೋಪಾಲಯ್ಯನವರ ಛಲಕ್ಕಾಗಿ ಇದನ್ನು ಹೊಗಳಿದವರು ಬಹು ಮಂದಿ. ನಾನು ಈ ಸಲ ಊಟಕ್ಕಾಗಿ ಓದಿದೆನು.

ಸುಬ್ರಹ್ಮಣ್ಯದ ಕಡೆಯಿಂದ ಬರುತ್ತ ದಾರಿ ತಪ್ಪಿ, ಕತ್ತಲೆಯ ವೇಳೆಗೆ ಗೋಪಾಲಯ್ಯನವರ ಮನೆಯನ್ನು ಸೇರುವ ಅತಿಥಿಯು ಕಥೆಯನ್ನು ಹೇಳುತ್ತಾನೆ. ಒಂದು ರಾತ್ರಿಗೆಂದು ಬಂದವನನ್ನು ಆ ಮುದಿ ದಂಪತಿಗಳು ದಿನಗಟ್ಟಲೆ ಹಿಡಿದು ನಿಲ್ಲಿಸುತ್ತಾರೆ. ಯಾವುದರಿಂದ ಹಿಡಿದು ನಿಲ್ಲಿಸುತ್ತಾರೆ? ಉಪಚಾರದಿಂದ. ಎಣ್ಣೆ, ಬಿಸಿನೀರು, ಊಟ, ಮತ್ತೆ ಊಟ. ಅತಿಥಿಗೆ ಇದು ಮೊದಲಲ್ಲಿ ಮುಜುಗರ, ಆಮೇಲೆ ಸುಖ, ಕೊನೆಕೊನೆಗೆ ಒಂದು ಬಗೆಯ ಭಾರ. ಏಕೆಂದರೆ ಅಷ್ಟರಲ್ಲಿ ಆತನಿಗೂ ನಮಗೂ ತಿಳಿದಿರುತ್ತದೆ: ಮನೆಬಿಟ್ಟು ಹೋಗಿ ಹಿಂದಿರುಗದ ಮಗ ಶಂಭು ಒಬ್ಬನಿದ್ದಾನೆ, ಅತಿಥಿಯು ಉಣ್ಣುತ್ತಿರುವುದು ಆ ಮಗನ ಪಾಲು. ಸಾಕಿ ಬೆಳೆಸಿ ನೆಲೆಗೊಳಿಸಿದ ನಾರಾಯಣ, ಲಕ್ಷ್ಮಿಯರ ಸಂಸಾರವು ಹತ್ತಿರದಲ್ಲಿದೆ. ಆದರೂ ಮನೆಯ ಎಲೆಯೊಂದು ಖಾಲಿಯಾಗಿಯೇ ಉಳಿದಿದೆ. ತಾಯಿಯು ಅಳುವ ಪ್ರಸಂಗಗಳಿಗಿಂತ ಆಕೆ ಬಡಿಸುವ ಪ್ರಸಂಗಗಳೇ ನನ್ನನ್ನು ಹೆಚ್ಚು ಕಲಕಿದುವು.

ಇಲ್ಲಿ ಕಾರಂತರ ಸಂಯಮವನ್ನು ಗಮನಿಸಬೇಕು. ಅವರು ಭಕ್ಷ್ಯಗಳ ವರ್ಣನೆಗಾಗಿ ಕಥೆಯನ್ನು ನಿಲ್ಲಿಸುವುದಿಲ್ಲ. ಯಾವ ಪದಾರ್ಥವೂ ಅವರ ಬರಹದಲ್ಲಿ ತನ್ನಷ್ಟಕ್ಕೇ ಪವಿತ್ರವಾಗುವುದಿಲ್ಲ. ಉಣ್ಣುವ ಸಂಗತಿಯು ಬಂದಾಗ ನಮ್ಮ ದೃಷ್ಟಿಯು ಎಲೆಯಿಂದ ಮೇಲಕ್ಕೆ, ಬಡಿಸುವವರ ಮುಖದ ಕಡೆಗೆ ಹೋಗುವಂತೆ ಅವರು ನೋಡಿಕೊಳ್ಳುತ್ತಾರೆ. ನೆನಪಿನ ಪ್ರಬಂಧಗಳಲ್ಲಿ ಮಗನು ದೂರದ ಪಟ್ಟಣದಲ್ಲಿ ಕುಳಿತು ತಾಯಿಯ ಅಡಿಗೆಯನ್ನು ನೆನೆಯುತ್ತಾನೆ. ಕಾರಂತರು ಬಂಡಿಯನ್ನು ತಿರುಗಿಸಿ, ಅಡಿಗೆಯ ಮನೆಯಲ್ಲಿ ಕುಳಿತು ಮಗನನ್ನು ನೆನೆಯುವ ತಾಯಿಯನ್ನು ತೋರಿಸಿದರು. ಎಂಬತ್ತು ವರ್ಷಗಳಾದರೂ ನಮ್ಮ ಪ್ರಬಂಧಕಾರರಿಗೆ ಈ ತಿರುವು ಕಾಣದಿರುವುದು ಆಶ್ಚರ್ಯ. ನಾವೆಲ್ಲರೂ ಶಂಭುವಿನ ಕಡೆಯವರಾಗಿ ಬರೆಯುತ್ತಿದ್ದೇವೆ.

ಒಂದು ಕೊರತೆಯನ್ನು ಹೇಳದಿದ್ದರೆ ವಿಮರ್ಶೆಯು ಸ್ತುತಿಯಾದೀತು. ಕಥೆಯನ್ನು ಹೇಳುವವನು ಅತಿಥಿಯಾದುದರಿಂದ ನಾವು ಅಡಿಗೆಮನೆಯ ಹೊಸ್ತಿಲಿನ ಈಚೆಗೇ ಉಳಿಯುತ್ತೇವೆ. ದಾರಿ ತಪ್ಪಿದವನಿಗೆ ದಾರಿ ತೋರಿಸಿದ ದೇರಣ್ಣ, ಬಟ್ಯರು ಆ ರಾತ್ರಿ ತಮ್ಮ ಗುಡಿಸಲಿಗೆ ಹೋಗಿ ಏನನ್ನುಂಡರೆಂಬುದು ಅತಿಥಿಗೆ ತಿಳಿಯತಕ್ಕ ಸಂಗತಿಯೂ ಅಲ್ಲ. ಕಾರಂತರು ಅದನ್ನು ಅರಿಯದವರಲ್ಲ. ಹತ್ತು ವರ್ಷ ಮೊದಲೇ, 1933ರಲ್ಲಿ, ‘ಚೋಮನ ದುಡಿ’ಯಲ್ಲಿ ಆ ಗುಡಿಸಲಿನೊಳಗೇ ಹೊಕ್ಕು ಬಂದಿದ್ದರು. ‘ಮರಳಿ ಮಣ್ಣಿಗೆ’ಯಲ್ಲಿಯೂ ಪಾರೋತಿ, ಸರಸೋತಿಯರು ಮಳೆಗಾಲದ ನೀರಿಗಿಳಿದು ತೇಲಿಬರುವ ಕಟ್ಟಿಗೆಯನ್ನು ಹಿಡಿದು ದಡಕ್ಕೆಳೆಯುವುದನ್ನು ಓದಿದ ಮೇಲೆ, ಒಲೆಯ ಮೇಲಿನ ಅನ್ನಕ್ಕಿಂತ ಮೊದಲು ಒಲೆಯ ಕೆಳಗಿನ ಸೌದೆಯ ಯೋಚನೆಯಾಗುತ್ತದೆ. ಅದೇ ಕಾದಂಬರಿಯಲ್ಲಿ ಶೀನಮಯ್ಯನು ಬೆಂಗಳೂರಿಗೆ ಹೋಗಿ ಹೋಟೆಲು ಇಟ್ಟು ಹಣ ಮಾಡುತ್ತಾನೆ. ಕರಾವಳಿಯ ಮನೆರುಚಿಯು ನಾಣ್ಯವಾದ ಕಥೆಯದು, ಬೇರೊಂದು ಲೇಖನಕ್ಕೇ ವಿಷಯವಾದೀತು.

ಕಾರಂತರ ನಂತರದ ಇಬ್ಬರನ್ನು ಮಾತ್ರ ಹೆಸರಿಸುವೆನು. ದೇವನೂರ ಮಹಾದೇವರ ‘ಒಡಲಾಳ’ದಲ್ಲಿ ಒಂದು ರಾತ್ರಿ ಸಾಕವ್ವನ ಮನೆಮಂದಿಯೆಲ್ಲ ಬೆಂಕಿಯ ಸುತ್ತ ಕುಳಿತು, ಮಗನು ಕದ್ದು ತಂದ ಕಡಲೆಕಾಯಿಯನ್ನು ತಿನ್ನುವ ಪ್ರಸಂಗವಿದೆ. ಕುಟುಂಬವೊಂದು ಕೂಡಿ ತಿನ್ನುವ ಸುಖವನ್ನು ಅಷ್ಟು ಬೆಚ್ಚಗೆ ಬರೆದುದನ್ನು ನಾನು ಬೇರೆಡೆ ಕಂಡಿಲ್ಲ. ಆದರೆ ಬೆಳಗಾದರೆ ಪೊಲೀಸರು ಬರುವರು. ಆದುದರಿಂದ ಸಿಪ್ಪೆಯನ್ನೂ ಉಳಿಸದೆ ಸುಟ್ಟುಬಿಡಬೇಕು. ಸವಿನೆನಪಿಗೆ ಒಂದು ಕುರುಹೂ ಉಳಿಯಬಾರದೆಂಬ ಸ್ಥಿತಿ! ನಮ್ಮಂಥವರಿಗೆ ಅಜ್ಜಿಯ ಭರಣಿ, ಸೌಟುಗಳು ಗೂಡಿನಲ್ಲಿಡುವ ಸ್ಮಾರಕಗಳಾದುವು; ಆ ಮನೆಗೆ ಅವು ಸಾಕ್ಷ್ಯಗಳಾಗುತ್ತಿದ್ದುವು. ಇನ್ನೊಬ್ಬರು ಕುಂದಾಪುರದ ವೈದೇಹಿಯವರು. ಕಾವ್ಯದ ವಿಷಯ ಬಲ್ಲವರ ಮುಂದೆ ತಿಳಿಸಾರಿನ ವಿಷಯ ಬಲ್ಲ ಹೆಣ್ಣೊಬ್ಬಳು ನಿಂತು ಮಾತನಾಡುವ ಅವರ ಕವನವು ಮೇಲ್ನೋಟಕ್ಕೆ ವಿನಯದಂತೆ ಕಂಡರೂ, ಭರತಮುನಿಯ ದೃಷ್ಟಾಂತಕ್ಕೆ ಬಹಳ ತಡವಾಗಿ ಬಂದ ಪ್ರತ್ಯುತ್ತರವೆಂದೇ ನನಗೆ ತೋರುತ್ತದೆ. ಸಾರು ಮಾಡುವುದೂ ಒಂದು ವಿದ್ಯೆ, ಅದಕ್ಕೂ ಹದ, ಕಾಲ, ಏಕಾಗ್ರತೆಗಳು ಬೇಕೆಂಬುದನ್ನು ಮಾಡಿದವಳೇ ಹೇಳಿದಾಗ ಸಭೆಯು ಸುಮ್ಮನಾಗಬೇಕಾಗುತ್ತದೆ.

ಊರಿನ ವಿಷಯವಾಗಿ ಇನ್ನೊಂದು ಮಾತು. 1964ರಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಯವರಿಗೂ ಸಿರಿಮಾವೋ ಬಂಡಾರನಾಯಕೆಯವರಿಗೂ ಆದ ಒಪ್ಪಂದದಂತೆ ಸಿಂಹಳದ ಚಹತೋಟಗಳಿಂದ ಹಿಂದಿರುಗಿದ ತಮಿಳು ಕುಟುಂಬಗಳಲ್ಲಿ ಕೆಲವು ನಮ್ಮ ಸುಳ್ಯ, ಪುತ್ತೂರು ತಾಲೂಕುಗಳ ಸರಕಾರೀ ರಬ್ಬರು ತೋಟಗಳಿಗೆ ಬಂದು ನೆಲೆಸಿದುವು. ನಸುಕಿಗೆ ಎದ್ದು ಮರಕ್ಕೆ ಕತ್ತಿ ಹಾಕಿ ಹಾಲು ಇಳಿಸುವವರು ಅವರು. ಸಮುದ್ರದಾಚೆಯ ಅಡಿಗೆಯ ನೆನಪು ಅವರಲ್ಲಿ ಹಿರಿಯರಿಗಿರಬೇಕು. ಅವರ ಮೊಮ್ಮಕ್ಕಳು ಕನ್ನಡವನ್ನು ಬಲ್ಲವರು. ಹವ್ಯಕರ ತಂಬುಳಿ, ಅರೆಭಾಷೆಯವರ ಕಡುಬು, ತುಳುವರ ಪುಂಡಿ, ಬ್ಯಾರಿಗಳ ರೊಟ್ಟಿ, ಇವುಗಳಿಗೆಲ್ಲ ಒಂದಿಲ್ಲೊಂದು ಪುಟ ದೊರೆತಿದೆ. ಆ ತೋಟದ ಸಾಲುಮನೆಗಳ ಒಲೆಯ ನೆನಪು ಕನ್ನಡದಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ. ಬರೆಯುವವರು ಮುಂದೆ ಬಂದರೆ ಈ ಪತ್ರಿಕೆಯ ಸಂಪಾದಕರು ಸ್ಥಳವಿಲ್ಲವೆನ್ನಲಾರರೆಂದು ನಂಬಿದ್ದೇನೆ.

ಹಾಗಾದರೆ ರುಚಿಯನ್ನು ಬರೆಯಲೇಬಾರದೆ, ಪ್ರತಿ ತುತ್ತಿನಲ್ಲಿಯೂ ಕಲ್ಲನ್ನೇ ಹುಡುಕಬೇಕೆ ಎಂದು ಕೇಳುವವರುಂಟು. ಆ ರೀತಿಯ ಬರಹವೂ ಈಗ ಬರುತ್ತಿದೆ. ಅದರ ಕರ್ತೃಗಳು ಊಟದ ಮಧ್ಯೆ ಉಪನ್ಯಾಸಕ್ಕೆ ತೊಡಗುವ ನೆಂಟರಂತೆ. ತಂಬುಳಿಯು ನಿಜವಾಗಿಯೂ ತಂಪಾಗಿಯೇ ಇದ್ದಿತು. ಎಂಟು ವರ್ಷದ ಹುಡುಗನಿಗಾದ ಆ ತೃಪ್ತಿಯು ಸುಳ್ಳಲ್ಲ. ಅದನ್ನು ಅಲ್ಲಗಳೆದರೆ ತಾಯಿಯ ಉಪವಾಸಕ್ಕೇ ಅರ್ಥವಿಲ್ಲದಾಗುವುದು. ನನ್ನ ಆಕ್ಷೇಪವಿರುವುದು ಅಳತೆಯ ವಿಷಯದಲ್ಲಿ. ಎಷ್ಟು ಅಕ್ಕಿ, ಯಾರ ಗದ್ದೆಯದು, ಯಾರು ಕುಟ್ಟಿದುದು, ಕೊನೆಯಲ್ಲಿ ಉಂಡವರಾರು, ಉಳಿದಿತ್ತೆ; ಇಷ್ಟನ್ನು ವಿಚಾರಿಸಿ ತಿಳಿದುಕೊಂಡು ಬರೆದರೆ ರುಚಿಯೇನೂ ಕೆಡುವುದಿಲ್ಲ. ಹೇಳಬಲ್ಲ ಅಕ್ಕಂದಿರು, ಅತ್ತಿಗೆಯಂದಿರು ಹೆಚ್ಚಿನ ಮನೆಗಳಲ್ಲಿ ಇನ್ನೂ ಇದ್ದಾರೆ. ಕೇಳುವ ಅಭ್ಯಾಸವು ನಮಗಿಲ್ಲ, ಅಷ್ಟೆ.

ನನ್ನ ಪ್ರಬಂಧಗಳನ್ನು ಒಟ್ಟುಗೂಡಿಸುವ ಮಾತು ಈಚೆಗೆ ಬಂದಾಗ ಆ ಬರಹವನ್ನು ಕೈಬಿಡುವೆನೆಂದು ಅಕ್ಕನಿಗೆ ತಿಳಿಸಿದೆನು. ಅವಳು ಬೇಡವೆಂದಳು, ಅಬ್ಬೆಯ ಹೆಸರು ಅಚ್ಚಾದುದು ಅದೊಂದರಲ್ಲಿಯೇ ಎಂದಳು. ಹಾಗಿದ್ದರೆ ತಿದ್ದಿ ಬರೆಯಲೇ ಎಂದು ಕೇಳಿದೆನು. ಬಹಳ ಹೊತ್ತು ಯೋಚಿಸಿ, ಒಂದೇ ತಿದ್ದುಪಡಿಯನ್ನು ಸೂಚಿಸಿದಳು: “ಕಾಯಿ ಇಡೀ ಅಲ್ಲ. ಒಂದು ಕಡಿ.”